ನೇಪಾಳದ ಖುಕುರಿ: ಆರಿಸುವ, ಪರೀಕ್ಷಿಸುವ, ಬಾಳಿಸುವ ಬಗೆ

ಕಠ್ಮಂಡುವಿನ ಥಮೇಲ್ ಬೀದಿಗಳಲ್ಲಿ ನಾಲ್ಕು ಹೆಜ್ಜೆಗೊಂದು ಖುಕುರಿ, ಅಂದರೆ ಬಾಗಿದ ಅಲಗಿನ ನೇಪಾಳಿ ಕತ್ತಿಯ, ಅಂಗಡಿ. ಗಾಜಿನ ಕಪಾಟಿನ ತುಂಬ ಕಣ್ಣು ಕೋರೈಸುವ ಅಲಗುಗಳು, ಒರೆಯ ಮೇಲೆ ಹಿತ್ತಾಳೆಯ ಚಿತ್ತಾರ, ಬಣ್ಣದ ಕಲ್ಲುಗಳು. ಇವುಗಳಲ್ಲಿ ಬಹಳಷ್ಟು ಗೋಡೆಗೆ ನೇತುಹಾಕಲೆಂದೇ ಹುಟ್ಟಿದವು. ಒಂದು ಒಣಗಿದ ಕೊಂಬೆಯ ಮೇಲೆ ಬೀಸಿದರೆ ಬಾಯಿ, ಅಂದರೆ ಹರಿತದ ಅಂಚು, ಮಡಚಿಕೊಳ್ಳುತ್ತದೆ. ಅದೇ ಬೀದಿಯಲ್ಲಿ, ಅಂಗಡಿಯ ಒಳಗಿನ ಮೂಲೆಯಲ್ಲಿ, ಒರೆಗೆ ಯಾವ ಅಲಂಕಾರವೂ ಇಲ್ಲದ, ಅಲಗಿನ ಮೇಲೆ ಅರದ ಗೀರುಗಳು ಇನ್ನೂ ಕಾಣುವ ಕತ್ತಿಯೂ ಇರುತ್ತದೆ. ಅದು ತಲೆಮಾರು ದಾಟುವ ಸರಕು. ಎರಡನ್ನೂ ಬೇರ್ಪಡಿಸಿ ನೋಡುವುದು ಹೇಗೆ, ಕೊಂಡ ಮೇಲೆ ಅದನ್ನು ಬಾಳಿಸುವುದು ಹೇಗೆ ಎಂಬುದಷ್ಟೇ ಇಲ್ಲಿನ ವಿಷಯ.

ಮೊದಲು, ಕೆಲಸ ಯಾವುದೆಂದು ತೀರ್ಮಾನಿಸಿ

ಖುಕುರಿಯನ್ನು ನಮ್ಮಲ್ಲಿ ಬಹುತೇಕರು ಬಲ್ಲದ್ದು ಗೂರ್ಖಾ ಸೈನಿಕರ ಆಯುಧವಾಗಿ. 1814ರಿಂದ 1816ರವರೆಗೆ ನಡೆದ ಆಂಗ್ಲೋ–ನೇಪಾಳ ಯುದ್ಧದಲ್ಲಿ ಇದರ ಏಟು ತಿಂದ ಈಸ್ಟ್ ಇಂಡಿಯಾ ಕಂಪನಿ, ಯುದ್ಧ ಮುಗಿಯುವ ಮೊದಲೇ ಅದೇ ಗುಡ್ಡಗಾಡಿನ ಜನರನ್ನು ತನ್ನ ಪಡೆಗೆ ಸೇರಿಸಿಕೊಳ್ಳಲು ಶುರುಮಾಡಿತು. ಭಾರತೀಯ ಸೇನೆಯ ಗೂರ್ಖಾ ರೆಜಿಮೆಂಟುಗಳ ಲಾಂಛನದಲ್ಲಿ ಇಂದಿಗೂ ಎರಡು ಖುಕುರಿಗಳು ಅಡ್ಡಡ್ಡ ನಿಂತಿವೆ. ಆದರೆ ನೇಪಾಳದ ಗುಡ್ಡದ ಮನೆಗಳಲ್ಲಿ ಅದು ಮೊದಲಿಗೆ ಮನೆಬಳಕೆಯ ಕತ್ತಿ. ಸೌದೆ ಸೀಳುವುದು, ಬಿದಿರು ಕಡಿಯುವುದು, ದನಕ್ಕೆ ಸೊಪ್ಪು ಸವರುವುದು, ಮಾಂಸ ಕೊಚ್ಚುವುದು, ದಶೈಂ (ನೇಪಾಳದ ದಸರೆ) ಹಬ್ಬದಲ್ಲಿ ಬಲಿ ಕೊಡುವುದು, ಎಲ್ಲಕ್ಕೂ ಅದೊಂದೇ. ನಮ್ಮ ಮಲೆನಾಡಿನವರ ಸೊಂಟದ ಕತ್ತಿ ಮಾಡುವಷ್ಟೂ ಕೆಲಸವನ್ನು ಅದು ಮಾಡುತ್ತದೆ.

ಕೆಲಸಕ್ಕೆ ತಕ್ಕ ಆಕಾರ ಇರುವುದರಿಂದ ಕೆಲವು ಹೆಸರುಗಳನ್ನು ತಿಳಿದಿದ್ದರೆ ಅಂಗಡಿಯಲ್ಲಿ ಮಾತು ಸುಲಭ. ‘ಸಿರುಪಾತೆ’ ಎಂದರೆ ತೆಳ್ಳಗೆ, ನೀಳವಾಗಿರುವುದು. ಸಿರು ಎಂಬ ಹುಲ್ಲಿನ ಎಲೆಯ ಆಕಾರದ್ದು. ಪೊದೆ ಸವರಲು, ಹಗುರವಾಗಿ ಬೀಸಲು ಚೆನ್ನ. ದಪ್ಪ ಸೌದೆಗೆ ಇದು ಸಾಲದು. ‘ಭೋಜಪುರೆ’ ಪೂರ್ವ ನೇಪಾಳದ ಭೋಜಪುರದ್ದು, ಹೊಟ್ಟೆ ಅಗಲ, ತೂಕ ಹೆಚ್ಚು, ಕಡಿಯುವ ಕೆಲಸಕ್ಕೆ ಹೇಳಿಮಾಡಿಸಿದ್ದು. ‘ಬುಧುನೆ’ಯ ಮುಂಭಾಗ ಇನ್ನೂ ಅಗಲ, ಬುಧುನಾ ಎಂಬ ಮೀನಿನ ತಲೆಯಿಂದ ಹೆಸರು ಬಂದಿದೆ. ‘ಆಂಗ್ ಖೋಲಾ’ದಲ್ಲಿ ಅಲಗಿನ ಬೆನ್ನಿನ ಕೆಳಗೆ ತಗ್ಗು ಕೆತ್ತಿರುತ್ತಾರೆ: ಬೆನ್ನು ದಪ್ಪವಾಗಿಯೇ ಉಳಿಯುತ್ತದೆ, ತೂಕ ಇಳಿಯುತ್ತದೆ. ‘ಧನಕುಟೆ’ ಮತ್ತು ಬೆಳ್ಳಿಯ ಕುಸುರಿಯ ‘ಕೋಥಿಮೋರಾ’ ಒರೆಯ ಸೊಬಗಿಗೆ ಹೆಸರಾದವು. ಕೋಥಿಮೋರಾವನ್ನು ಗೂರ್ಖಾ ಪಡೆಗಳಲ್ಲಿ ನಿವೃತ್ತರಾಗುವ ಅಧಿಕಾರಿಗಳಿಗೆ ಉಡುಗೊರೆಯಾಗಿ ಕೊಡುವ ವಾಡಿಕೆ ಇದೆ. ಅದನ್ನು ಹಿಡಿದು ಸೌದೆ ಒಡೆಯಲು ಹೊರಟರೆ ನಗೆಪಾಟಲು.

ಮೊದಲ ಸಲ ಕೊಳ್ಳುವವರಿಗೆ ಹತ್ತು ಅಂಗುಲದ ಆಸುಪಾಸಿನ ಅಲಗು, ಸುಮಾರು 500ರಿಂದ 700 ಗ್ರಾಂ ತೂಕ ಸಾಕು. ಹದಿನೈದು ಅಂಗುಲದ ಅಲಗನ್ನು ನೋಡಿ ಮನಸೋಲುವವರು ಅದನ್ನು ಹತ್ತು ನಿಮಿಷ ಬೀಸಿ ನೋಡಲಿ, ಮಣಿಕಟ್ಟು ಉಳಿದದ್ದನ್ನು ಹೇಳುತ್ತದೆ.

ಕುಲುಮೆಯಲ್ಲಿ ಏನು ನಡೆಯುತ್ತದೆ

ಪರೀಕ್ಷೆಗೆ ಇಳಿಯುವ ಮೊದಲು ಕತ್ತಿ ಹುಟ್ಟುವ ಬಗೆ ಗೊತ್ತಿರಬೇಕು. ಇಲ್ಲದಿದ್ದರೆ ಏನನ್ನು ನೋಡುತ್ತಿದ್ದೇವೆ ಎಂಬುದೇ ತಿಳಿಯುವುದಿಲ್ಲ.

ನೇಪಾಳಿಯಲ್ಲಿ ಕುಲುಮೆಗೆ ‘ಆರನ್’ ಎನ್ನುತ್ತಾರೆ. ಇಂದಿನ ಒಳ್ಳೆಯ ಖುಕುರಿಯ ಕಚ್ಚಾ ವಸ್ತು ಹೆಚ್ಚಾಗಿ ಹಳೆಯ ಲಾರಿಯ ಕಮಾನ್ ಪಟ್ಟಿ. ವರ್ಷಗಟ್ಟಲೆ ಭಾರ ಹೊತ್ತು, ಬಾಗಿ, ಮತ್ತೆ ನೇರವಾಗಿ ಬಾಳಿದ ಸ್ಪ್ರಿಂಗ್ ಉಕ್ಕು ಅದು. ಹದಕ್ಕೆ ಬಗ್ಗುವಷ್ಟು ಇಂಗಾಲ ಅದರಲ್ಲಿದೆ, ಮುರಿಯದೆ ತಾಳುವ ಗುಣವೂ ಇದೆ. ಪಟ್ಟಿಯನ್ನು ತುಂಡುಮಾಡಿ, ಇದ್ದಿಲ ಬೆಂಕಿಯಲ್ಲಿ ಕೆಂಪಗೆ ಕಾಯಿಸಿ, ಒಬ್ಬರು ಇಕ್ಕುಳದಲ್ಲಿ ಹಿಡಿದು ತಿರುಗಿಸುತ್ತಿದ್ದರೆ ಇನ್ನೊಬ್ಬರು ದೊಡ್ಡ ಸುತ್ತಿಗೆಯಿಂದ ಬಡಿಯುತ್ತಾರೆ. ಹಿಂದೆ ತಿದಿ ಒತ್ತುತ್ತಿದ್ದ ಕಡೆ ಈಗ ಬಹುಮಟ್ಟಿಗೆ ವಿದ್ಯುತ್ ಬ್ಲೋವರ್ ಇದೆ. ಕೆಲವು ಕಡೆ ಯಂತ್ರದ ಸುತ್ತಿಗೆಯೂ ಬಂದಿದೆ. ಇದರಿಂದ ಕತ್ತಿಯ ಯೋಗ್ಯತೆ ಕುಗ್ಗಿತೆಂದು ಮೂಗು ಮುರಿಯುವವರ ಮಾತಿಗೆ ನಾನು ಬೆಲೆ ಕೊಡುವುದಿಲ್ಲ. ಬಡಿಯುವ ಶ್ರಮ ಯಂತ್ರಕ್ಕೆ ಹೋದರೆ ಕಮ್ಮಾರನ ಭುಜ ಉಳಿಯಿತು, ಅಷ್ಟೇ.

ಕತ್ತಿಯ ಭವಿಷ್ಯ ನಿರ್ಧಾರವಾಗುವುದು ಹದ ಹಾಕುವಾಗ. ಇದಕ್ಕೆ ಬೇಕಾದ ಉಪಕರಣ ಚಹಾದ ಕೆಟಲ್. ಆಕಾರ ಬಂದ ಅಲಗನ್ನು ಮತ್ತೆ ಸಮನಾಗಿ ಕೆಂಪಗೆ ಕಾಯಿಸಿ, ಬಾಯಿ ಮೇಲಾಗಿ ಹಿಡಿದು, ಕೆಟಲಿನ ಮೂತಿಯಿಂದ ತೆಳ್ಳಗೆ ನೀರನ್ನು ಬಾಯಿಯ ಉದ್ದಕ್ಕೂ ಹಿಂದೆ ಮುಂದೆ ಸುರಿಯುತ್ತಾರೆ. ನೀರು ಬಿದ್ದ ಅಂಚು ಥಟ್ಟನೆ ತಣ್ಣಗಾಗಿ ಗಡಸಾಗುತ್ತದೆ. ಬೆನ್ನು ಇನ್ನೂ ಕೆಂಪಗೇ ಇರುತ್ತದೆ. ಸುರಿಯುವುದನ್ನು ನಿಲ್ಲಿಸಿದೊಡನೆ ಬೆನ್ನಿನಲ್ಲಿ ಉಳಿದ ಕಾವು ನಿಧಾನವಾಗಿ ಬಾಯಿಯತ್ತ ಇಳಿದು ಬರುತ್ತದೆ, ಜೊತೆಗೇ ಲೋಹದ ಮೇಲೆ ಬಣ್ಣ ಓಡುತ್ತದೆ: ಒಣಹುಲ್ಲಿನ ಹಳದಿ, ಕಂದು, ಕೊನೆಗೆ ನೀಲಿ. ಬಾಯಿಗೆ ಹಳದಿ ಬಂದ ಗಳಿಗೆಯಲ್ಲಿ ಮತ್ತೆ ನೀರು ಹನಿಸಿ ಅಲ್ಲಿಗೇ ನಿಲ್ಲಿಸಬೇಕು. ತಡವಾದರೆ ಬಾಯಿ ಮೆತ್ತಗಾಗುತ್ತದೆ, ಅವಸರಪಟ್ಟರೆ ಚಕ್ಕೆ ಏಳುತ್ತದೆ. ಇದಕ್ಕೆ ಮೀಟರ್ ಇಲ್ಲ, ಗಡಿಯಾರ ಇಲ್ಲ, ಕಣ್ಣು ಮಾತ್ರ. ಗಡಸು ಬಾಯಿ ಹರಿತ ಹಿಡಿಯುತ್ತದೆ, ಮೆದು ಬೆನ್ನು ಏಟು ನುಂಗುತ್ತದೆ. ಒಂದೇ ಲೋಹದ ತುಂಡಿನಲ್ಲಿ ಈ ಎರಡು ಗುಣಗಳನ್ನೂ ಅಡುಗೆಮನೆಯ ಪಾತ್ರೆಯೊಂದರಿಂದ ಸಾಧಿಸುವ ಈ ಕೆಲಸವನ್ನು ಎಷ್ಟು ಮೆಚ್ಚಿದರೂ ಸಾಲದು.

ಕೈಗೆ ತೆಗೆದುಕೊಂಡು ಪರೀಕ್ಷಿಸಿ

ಹೊಳಪನ್ನು ಬಿಟ್ಟು ಬೆನ್ನಿನಿಂದ ಶುರುಮಾಡಿ. ಹಿಡಿಯನ್ನು ಕಣ್ಣಿನ ಹತ್ತಿರ ತಂದು, ಅಲಗಿನ ಬೆನ್ನಿನ ಗುಂಟ ಮೊನೆಯವರೆಗೆ ಒಂದು ಕಣ್ಣು ಮುಚ್ಚಿ ನೋಡಿ. ಗೆರೆ ನೇರವಾಗಿರಬೇಕು, ಹಿಡಿ ಪಕ್ಕಕ್ಕೆ ಸೊಟ್ಟಗೆ ಕೂತಿರಬಾರದು. ಹಿಡಿಯ ಬುಡದಲ್ಲಿ ಬೆನ್ನು ದಪ್ಪ, 8ರಿಂದ 10 ಮಿಲಿಮೀಟರ್ ಇರುವುದು ಸಾಮಾನ್ಯ. ಮೊನೆಯತ್ತ ಸಾಗುತ್ತ ತೆಳುವಾಗಬೇಕು. ಉದ್ದಕ್ಕೂ ಒಂದೇ ದಪ್ಪವಿದ್ದರೆ ತಗಡನ್ನು ಆಕಾರಕ್ಕೆ ಕತ್ತರಿಸಿ ಉಜ್ಜಿದ್ದಾರೆ, ಬಡಿದು ಮಾಡಿದ್ದಲ್ಲ ಎಂಬ ಅನುಮಾನಕ್ಕೆ ಕಾರಣವಿದೆ.

ಆಮೇಲೆ ಹದ. ಅಂಗಡಿಯವರ ಒಪ್ಪಿಗೆ ಕೇಳಿ, ಒಂದು ಸಣ್ಣ ಅರವನ್ನು ಬಾಯಿಯ ಅಗಲವಾದ ಭಾಗದ ಮೇಲೆ, ಅಂದರೆ ಏಟು ಬೀಳುವ ಹೊಟ್ಟೆಯ ಮೇಲೆ, ಹಗುರವಾಗಿ ಎಳೆಯಿರಿ. ಹದವಿದ್ದರೆ ಅರ ಜಾರುತ್ತದೆ, ಕಚ್ಚುವುದಿಲ್ಲ. ಅದೇ ಅರವನ್ನು ಬೆನ್ನಿನ ಮೇಲೆ ಎಳೆದರೆ ಕಚ್ಚಿ ಪುಡಿ ಉದುರಿಸಬೇಕು. ಎರಡೂ ಕಡೆ ಕಚ್ಚಿದರೆ ಅದು ಗೋಡೆಯ ಸರಕು. ಎರಡೂ ಕಡೆ ಜಾರಿದರೆ ಇನ್ನೂ ಅಪಾಯ. ಬೆನ್ನೂ ಗಡಸಾದ ಅಲಗು ಬಲವಾದ ಏಟಿಗೆ ತುಂಡಾಗಬಹುದು. ಹಿಡಿಯ ಹತ್ತಿರದ ಬಾಯಿ ಸ್ವಲ್ಪ ಮೆದುವಾಗಿದ್ದರೆ ಗಾಬರಿ ಬೇಡ, ಕಮ್ಮಾರರು ಅಲ್ಲಿಗೆ ನೀರು ಕಡಿಮೆ ಸುರಿಯುವುದು ರೂಢಿ.

ಅಂಗಡಿಯವರು ಅರ ಮುಟ್ಟಿಸಲು ಒಪ್ಪದಿದ್ದರೆ ಬೆರಳ ಗೆಣ್ಣಿನಿಂದ ಅಲಗನ್ನು ತಟ್ಟಿ ಕೇಳಿ. ನಿಂತು ಮೊಳಗುವ ನಾದ ಒಳ್ಳೆಯ ಲಕ್ಷಣ; ಮಂಕಾದ, ಒಡಕು ಸದ್ದು ಬಂದರೆ ಬಿರುಕು ಇರಬಹುದು, ಇಲ್ಲವೇ ಹಿಡಿ ಸಡಿಲವಿರಬಹುದು. ಕ್ರೋಮ್ ಲೇಪ ಹಾಕಿದ್ದನ್ನಂತೂ ಪಕ್ಕಕ್ಕಿಡಿ. ಒಳಗಿನ ಹುಳುಕು ಮುಚ್ಚಲು ಅದಕ್ಕಿಂತ ಸುಲಭದ ದಾರಿ ಇನ್ನೊಂದಿಲ್ಲ.

ಹಿಡಿಯ ಬಳಿ ಬಾಯಿಯಲ್ಲಿರುವ ಪುಟ್ಟ ಕಚ್ಚಿಗೆ ‘ಕೌಡಿ’ ಅಥವಾ ‘ಚೋ’ ಎನ್ನುತ್ತಾರೆ. ಅದು ಗೋವಿನ ಗೊರಸಿನ ಗುರುತು, ಶಿವನ ತ್ರಿಶೂಲ, ರಕ್ತ ಹಿಡಿಗೆ ಹರಿಯದಂತೆ ತಡೆಯುವ ಉಪಾಯ ಎಂದು ಹತ್ತು ಕಥೆಗಳನ್ನು ಹೇಳುತ್ತಾರೆ. ಕೇಳಿ ಖುಷಿಪಡಿ, ಕೊಳ್ಳುವವರು ನೋಡಬೇಕಾದ್ದು ಅದರ ಮೂಲೆಯಿಂದ ಕೂದಲೆಳೆಯ ಬಿರುಕು ಹೊರಟಿದೆಯೇ ಎಂಬುದನ್ನು.

ಹಿಡಿ ಕೋಣದ ಕೊಂಬಿನದು ಅಥವಾ ಬೀಟೆಯಂಥ ಗಟ್ಟಿ ಮರದ್ದು. ಹಿಡಿಯ ಒಳಕ್ಕೆ ಹೋಗುವ ಅಲಗಿನ ಬಾಲ ಎರಡು ಬಗೆ. ಒಂದು, ಇಲಿಯ ಬಾಲದಷ್ಟು ಸಪೂರವಾಗಿದ್ದು ಹಿಡಿಯ ಮಧ್ಯದಲ್ಲಿ ಹಾದು, ‘ಲಾಹಾ’ ಎಂಬ ಅರಗಿನ ಅಂಟಿನಲ್ಲಿ ಕೂತು, ಹಿಂದಿನ ಲೋಹದ ಟೊಪ್ಪಿಗೆಯ ಮೇಲೆ ಬಡಿದು ಅಗಲಿಸಿದ್ದು. ಇನ್ನೊಂದು ಹಿಡಿಯಷ್ಟೇ ಅಗಲವಾಗಿದ್ದು ಎರಡು ಬದಿಗೂ ಪಟ್ಟಿ ಹಚ್ಚಿ ರಿವೆಟ್ ಹೊಡೆದದ್ದು, ‘ಪನಾವಲ್’. ಒರಟು ಕೆಲಸಕ್ಕೆ ಪನಾವಲ್ ಗಟ್ಟಿ. ಮೊದಲನೆಯದು ಹಗುರ, ಕೈಗೆ ಹಿತ, ಹಳೆಯ ಪದ್ಧತಿಯದು. ಯಾವುದೇ ಆದರೂ ಗಟ್ಟಿಯಾಗಿ ಹಿಡಿದು ಅಲುಗಿಸಿದಾಗ ಕಟಕಟ ಎನ್ನಬಾರದು.

ಒರೆಯ ಹಿಂಬದಿಯಲ್ಲಿ ಎರಡು ಪುಟ್ಟ ಸಂಗಾತಿಗಳು ಇರುತ್ತವೆ. ಸಣ್ಣ ಕೆಲಸಕ್ಕೆ ‘ಕರ್ದಾ’ ಎಂಬ ಚಾಕು. ಬಾಯಿ ಇಲ್ಲದ, ಗಡಸಾದ ‘ಚಕ್‌ಮಕ್’, ಅಲಗಿನ ಬಾಯಿ ಸರಿಪಡಿಸುವುದಕ್ಕೂ ಚಕಮಕಿ ಕಲ್ಲಿಗೆ ಹೊಡೆದು ಕಿಡಿ ಎಬ್ಬಿಸುವುದಕ್ಕೂ. ಚಕ್‌ಮಕ್ ಬರೀ ತಗಡಾಗಿದ್ದರೆ ದೊಡ್ಡ ಅಲಗಿನ ಮೇಲೂ ಕಮ್ಮಾರ ಹೆಚ್ಚು ಹೊತ್ತು ಕಳೆದಿರಲಾರ.

ಯಾರು ಮಾಡಿದ್ದು ಎಂದು ಕೇಳಿ

ಇದನ್ನು ಬಹುಪಾಲು ಕೊಳ್ಳುವವರು ಬಿಟ್ಟುಬಿಡುತ್ತಾರೆ. ನನ್ನ ಮಟ್ಟಿಗೆ ಉಳಿದ ಪರೀಕ್ಷೆಗಳಷ್ಟೇ ಮುಖ್ಯವಾದದ್ದು ಇದು.

ನೇಪಾಳದ ಕಮ್ಮಾರರು ಹೆಚ್ಚಾಗಿ ಕಾಮಿ ಸಮುದಾಯದವರು. ಬಹುತೇಕರ ಅಡ್ಡಹೆಸರು ವಿಶ್ವಕರ್ಮ. ನೇಪಾಳಿ ಉಚ್ಚಾರದಲ್ಲಿ ಬಿಶ್ವಕರ್ಮ, ಮಾತಿನಲ್ಲಿ ಬಿ.ಕೆ. ಕನ್ನಡಿಗರಿಗೆ ಇದು ವಿಚಿತ್ರವೆನಿಸಬಹುದು. ನಮ್ಮಲ್ಲಿ ವಿಶ್ವಕರ್ಮರೆಂದರೆ ಜನಿವಾರ ಹಾಕಿ, ಆಚಾರ್ಯರೆನಿಸಿಕೊಂಡು, ರಥ ಕಟ್ಟಿ ವಿಗ್ರಹ ಕೆತ್ತುವವರು. ಅಲ್ಲಿ ಅದೇ ಹೆಸರಿನವರನ್ನು 1854ರ ಮುಲುಕಿ ಐನ್ ಎಂಬ ಕಾನೂನು ಅಸ್ಪೃಶ್ಯರ ಸಾಲಿಗೆ ಸೇರಿಸಿ, ಅವರು ಮುಟ್ಟಿದ ನೀರು ಮೇಲ್ಜಾತಿಗೆ ಸಲ್ಲದೆಂದು ಬರೆದಿಟ್ಟಿತು. ಕೆಟಲಿನಿಂದ ನೀರೆರೆದು ಅಲಗಿಗೆ ಜೀವ ಕೊಡುವ ಕೈಯಿಂದ ಕುಡಿಯಲು ನೀರು ತೆಗೆದುಕೊಳ್ಳುವಂತಿರಲಿಲ್ಲ. ಒರೆಗೆ ಚರ್ಮ ಹೊದಿಸುವ ಸಾರ್ಕಿಗಳ ಪಾಡೂ ಅದೇ. 1963ರ ಹೊಸ ಮುಲುಕಿ ಐನ್ ಈ ಭೇದವನ್ನು ಕೈಬಿಟ್ಟಿತು, 2011ರಲ್ಲಿ ಜಾತಿ ತಾರತಮ್ಯವನ್ನು ಶಿಕ್ಷಾರ್ಹಗೊಳಿಸುವ ಪ್ರತ್ಯೇಕ ಕಾಯ್ದೆ ಬಂತು. ಹಳ್ಳಿಗಳಲ್ಲಿ ರೂಢಿ ಕಾಯ್ದೆಯಷ್ಟು ಬೇಗ ಬದಲಾಗುವುದಿಲ್ಲ ಎಂಬುದನ್ನು ನಮಗೆ ಬೇರೆ ಯಾರೂ ಹೇಳಿಕೊಡಬೇಕಿಲ್ಲ.

ಹಳ್ಳಿಯ ಕಮ್ಮಾರನಿಗೆ ದುಡ್ಡಿನ ಬದಲು ವರ್ಷಕ್ಕಿಷ್ಟು ಧಾನ್ಯ ಕೊಡುವ ‘ಬಾಲಿ ಘರೆ’ ಪದ್ಧತಿ ಅಲ್ಲಿತ್ತು, ನಮ್ಮ ಆಯಗಾರರಿಗೆ ಸುಗ್ಗಿಯಲ್ಲಿ ಆಯ ಅಳೆದು ಕೊಡುತ್ತಿದ್ದ ಹಾಗೆಯೇ. ಅದು ಸಡಿಲವಾಗುತ್ತ ಬಂದಂತೆ ಅನೇಕರು ಪೇಟೆಗೆ ಬಂದರು. ಪೂರ್ವದ ಧರಾನ್ ಖುಕುರಿಯ ಊರಾದುದಕ್ಕೆ ಇನ್ನೊಂದು ಕಾರಣವೂ ಇದೆ: ಬ್ರಿಟಿಷ್ ಗೂರ್ಖಾ ಪಡೆಯ ಶಿಬಿರ ದಶಕಗಳ ಕಾಲ ಅಲ್ಲಿತ್ತು, ಗಿರಾಕಿಗಳು ಬಾಗಿಲಲ್ಲೇ ಇದ್ದರು. ಆ ಶಿಬಿರದ ಜಾಗದಲ್ಲಿ ಈಗ ಬಿ.ಪಿ. ಕೊಯಿರಾಲಾ ಹೆಸರಿನ ವೈದ್ಯಕೀಯ ಸಂಸ್ಥೆ ಇದೆ. ಊರಿನ ಕುಲುಮೆಗಳು ಆರಿಲ್ಲ. ಆದರೆ ಕಮ್ಮಾರರ ಮಕ್ಕಳಲ್ಲಿ ಅನೇಕರು ಕೊಲ್ಲಿ ರಾಷ್ಟ್ರಗಳಿಗೋ ಮಲೇಷ್ಯಾಕ್ಕೋ ದುಡಿಯಲು ಹೋಗುತ್ತಿದ್ದಾರೆ. ದಿನವಿಡೀ ಬೆಂಕಿಯ ಮುಂದೆ ಕೂತವನಿಗಿಂತ ಮಾರಿದವನಿಗೆ ಹೆಚ್ಚು ಲಾಭ ಸಿಗುವ ಕಸುಬನ್ನು ಮಕ್ಕಳು ಮುಂದುವರಿಸಲಿ ಎನ್ನುವುದು ದೊಡ್ಡ ಮಾತು.

ಆದ್ದರಿಂದ ಅಂಗಡಿಯಲ್ಲಿ ಕೇಳಿ: “ದಾಇ, ಯೋ ಖುಕುರಿ ಕಸ್ಲೆ ಬನಾಉನುಭಯೊ?” ಅಣ್ಣಾ, ಈ ಖುಕುರಿಯನ್ನು ಮಾಡಿದವರು ಯಾರು? ಒಳ್ಳೆಯ ಅಂಗಡಿಯವರು ಹೆಸರು ಹೇಳುತ್ತಾರೆ, ಆರನ್ ಎಲ್ಲಿದೆ ಎಂದೂ ತಿಳಿಸುತ್ತಾರೆ. ಕೆಲವರು ಕಮ್ಮಾರರ ಗುರುತನ್ನು ಅಲಗಿನ ಮೇಲೇ ಒತ್ತಿಸಿರುತ್ತಾರೆ. “ಫ್ಯಾಕ್ಟರಿಯದು” ಎಂಬ ಉತ್ತರ ಬಂದರೆ ಬೆಲೆಯನ್ನು ಅದಕ್ಕೆ ತಕ್ಕಂತೆ ಅಳೆಯಿರಿ. ಕುಲುಮೆಗೇ ಹೋಗಿ ಕೊಳ್ಳುವ ಅವಕಾಶ ಸಿಕ್ಕಿದರೆ ಬಿಡಬೇಡಿ. ಅಲ್ಲಿ ಹಿರಿಯರನ್ನು ದಾಇ ಎಂದೋ ಕಾಕಾ ಎಂದೋ ಕರೆಯಿರಿ, ಮುಖಕ್ಕೆ ‘ಕಾಮಿ’ ಎನ್ನಬೇಡಿ. ಜಾತಿ ಹಿಡಿದು ಕೂಗಿದಂತೆ ಕೇಳಿಸುತ್ತದೆ. ಅವರು ಚಹಾ ಕೊಟ್ಟರೆ ಕುಡಿಯಿರಿ. ಚೌಕಾಸಿ ಥಮೇಲಿನಲ್ಲಿ ಧಾರಾಳವಾಗಿ ಮಾಡಿ. ಕುಲುಮೆಯ ಮುಂದೆ ಬೇಡ.

ಮನೆಗೆ ತರುವ ದಾರಿ

ವಿಮಾನದಲ್ಲಿ ಕೈಚೀಲದಲ್ಲಿ ಒಯ್ಯುವಂತಿಲ್ಲ; ಚೆಕ್-ಇನ್ ಸಾಮಾನಿನಲ್ಲಿ, ಮೊನೆಗೂ ಬಾಯಿಗೂ ದಪ್ಪ ರಟ್ಟು ಸುತ್ತಿ, ಬಿಲ್ಲಿನ ಜೊತೆ ಇಡಿ. ಕಸ್ಟಮ್ಸ್‌ನವರು ಕೇಳುವ ಮೊದಲೇ ನೀವೇ ಹೇಳುವುದು ಕ್ಷೇಮ. ನೂರು ವರ್ಷಕ್ಕೂ ಹಳೆಯ ವಸ್ತುಗಳನ್ನು ನೇಪಾಳದಿಂದ ಹೊರಗೆ ಒಯ್ಯಲು ಅಲ್ಲಿನ ಕಾನೂನು ಬಿಡುವುದಿಲ್ಲ. ಹಳೆಯದರಂತೆ ಕಾಣುವ ಹೊಸದಕ್ಕೂ ಪುರಾತತ್ವ ಇಲಾಖೆಯ ಚೀಟಿ ಇದ್ದರೆ ನಿಶ್ಚಿಂತೆ. ದಂತದ ಹಿಡಿ ಯಾರಾದರೂ ತೋರಿಸಿದರೆ ಮಾತು ಮುಂದುವರಿಸದೆ ಎದ್ದುಬನ್ನಿ.

ಭಾರತದಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯಡಿಯ ನಿಯಮಗಳು 9 ಅಂಗುಲಕ್ಕಿಂತ ಉದ್ದದ ಅಥವಾ 2 ಅಂಗುಲಕ್ಕಿಂತ ಅಗಲದ ಅಲಗಿನ ಹರಿತ ಆಯುಧಗಳನ್ನು ಪಟ್ಟಿಮಾಡಿವೆ. 1962ರ ನಿಯಮಗಳ ಪಟ್ಟಿಯಲ್ಲಿ ಖುಕುರಿಯ ಹೆಸರೇ ಇತ್ತು. ಮನೆಬಳಕೆಗೆ, ಕೃಷಿಗೆಂದು ಮಾಡಿದವು ಈ ಪಟ್ಟಿಗೆ ಬರುವುದಿಲ್ಲ. ಆದರೆ ಸೊಂಟಕ್ಕೆ ಸಿಕ್ಕಿಸಿಕೊಂಡು ಬೀದಿಯಲ್ಲಿ ತಿರುಗಿದರೆ ಕೃಷಿಯ ವಾದ ನಿಲ್ಲದು. ಅನುಮಾನವಿದ್ದರೆ ನಿಮ್ಮ ಊರಿನ ಪೊಲೀಸ್ ಠಾಣೆಯಲ್ಲಿ ವಿಚಾರಿಸಿ.

ಒರೆಯಿಂದ ತೆಗೆಯುವುದು, ಬೀಸುವುದು

ಬೆರಳು ಕಳೆದುಕೊಳ್ಳುವವರು ಹೆಚ್ಚಾಗಿ ಕಳೆದುಕೊಳ್ಳುವುದು ಇಲ್ಲಿಯೇ. ಒರೆ ಎಂದರೆ ಎರಡು ಮರದ ಹೋಳುಗಳ ಮೇಲೆ ಹೊಲಿದ ಚರ್ಮ. ಅಲಗಿನ ಬಾಯಿ ಆ ಹೋಳುಗಳ ಸಂದಿಯ ಮೇಲೇ ಸವರಿಕೊಂಡು ಬಂದರೆ ಚರ್ಮವನ್ನು ಸೀಳಿ ಹೊರಗೆ ಬರಬಲ್ಲದು. ಒರೆಯನ್ನು ಮುಷ್ಟಿ ಸುತ್ತಿ ಹಿಡಿಯಬೇಡಿ. ಎಡಗೈಯ ಹೆಬ್ಬೆರಳು ಒಂದು ಬದಿಗೆ, ಉಳಿದ ಬೆರಳುಗಳು ಇನ್ನೊಂದು ಬದಿಗೆ, ಅಂಗೈ ಬೆನ್ನಿನ ಕಡೆಗೆ ಬರುವಂತೆ ಹಿಡಿಯಿರಿ. ಬಾಯಿ ಇರುವ ಅಂಚಿನ ಮೇಲೆ ಒಂದು ಬೆರಳೂ ಇರಬಾರದು. ಬಲಗೈಯಿಂದ ಹಿಡಿಯನ್ನು ಎಳೆಯುವಾಗ ಅಲಗಿನ ಬೆನ್ನು ಒರೆಗೆ ತಾಗಿಕೊಂಡು ಜಾರಲಿ. ಅಲಗು ಬಾಗಿರುವುದರಿಂದ ಕೈಯೂ ಕಮಾನಿನ ಹಾದಿಯಲ್ಲೇ ಚಲಿಸಬೇಕು. ಒಳಗೆ ಹಾಕುವಾಗಲೂ ಹೀಗೆಯೇ.

ಒಮ್ಮೆ ಹೊರಗೆಳೆದ ಖುಕುರಿ ರಕ್ತ ಕಾಣದೆ ಒರೆ ಸೇರಬಾರದು ಎಂಬ ಕಥೆ ನಿಮ್ಮ ಕಿವಿಗೂ ಬಿದ್ದಿರಬಹುದು. ಅದು ನಿಜವಾಗಿದ್ದರೆ ನೇಪಾಳದ ಗೃಹಿಣಿಯರು ಪ್ರತಿ ಸಲ ತರಕಾರಿ ಹೆಚ್ಚಿದ ಮೇಲೆ ಬೆರಳು ಕೊಯ್ದುಕೊಳ್ಳಬೇಕಿತ್ತು.

ಬೀಸುವಾಗ ಹಿಡಿಯ ನಡುವಿನ ಉಂಗುರ ನಡುಬೆರಳು ಮತ್ತು ಉಂಗುರಬೆರಳಿನ ನಡುವೆ ಬರಲಿ. ತೂಕ ಮುಂದಿರುವುದರಿಂದ ಶಕ್ತಿ ಹಾಕುವುದು ಬೇಡ. ಎತ್ತಿ, ದಾರಿ ತೋರಿಸಿ, ಬೀಳಲು ಬಿಡಿ. ಏಟು ಹೊಟ್ಟೆಯ ಮೇಲೆ ಬೀಳಬೇಕು, ಮೊನೆಯ ಮೇಲಲ್ಲ. ಕಡಿಯುವ ದಿಮ್ಮಿ ನಿಮ್ಮ ಕಾಲುಗಳ ನಡುವೆ ಇರದೆ ಮುಂದೆ, ಓರೆಯಾಗಿರಲಿ, ತಪ್ಪಿದ ಏಟು ಮೊಣಕಾಲಿಗೆ ಬರದ ಹಾಗೆ. ಒದ್ದೆ ಕೈಯಲ್ಲಿ ಕೊಂಬಿನ ಹಿಡಿ ಜಾರುತ್ತದೆ. ಮೀಟುಗೋಲಿನಂತೆ ತಿರುಚುವುದು, ಕಬ್ಬಿಣದ ಸುತ್ತಿಗೆಯಿಂದ ಬೆನ್ನಿಗೆ ಹೊಡೆಯುವುದು ಬೇಡವೇ ಬೇಡ.

ಸಾಣೆ

ಬೀದಿಯಲ್ಲಿ ಸೈಕಲ್ ಚಕ್ರದ ಸಾಣೆಯವರಿಗೆ ಕೊಡಬೇಡಿ, ಗ್ರೈಂಡರಿಗಂತೂ ಒಡ್ಡಲೇಬೇಡಿ. ಕಿಡಿ ಹಾರುವ ಚಕ್ರದ ಮುಂದೆ ತೆಳು ಬಾಯಿ ಕ್ಷಣಗಳಲ್ಲಿ ಕಾದು ನೀಲಿಯಾಗುತ್ತದೆ; ಅಲ್ಲಿಗೆ ಕೆಟಲಿನ ಕೆಲಸವೆಲ್ಲ ನೀರುಪಾಲು.

ಸಣ್ಣ ಮೊಂಡಿಗೆ ಚಕ್‌ಮಕ್ ಸಾಕು. ಬಾಯಿಯ ಎರಡೂ ಬದಿಗೆ, ಹಿಡಿಯಿಂದ ಮೊನೆಯತ್ತ, ಹಗುರವಾಗಿ ಹತ್ತಾರು ಬಾರಿ ಸವರಿದರೆ ಮಡಚಿದ ಅಂಚು ನೆಟ್ಟಗಾಗುತ್ತದೆ. ನಿಜವಾಗಿ ಹರಿತ ಹೋಗಿದ್ದರೆ ಕಲ್ಲು ಬೇಕು. ಅಲಗು ಒಳಕ್ಕೆ ಬಾಗಿರುವ ಜಾಗದಲ್ಲಿ ಅಗಲವಾದ ಚಪ್ಪಟೆ ಕಲ್ಲು ಕೂರುವುದಿಲ್ಲ. ಕುಡುಗೋಲಿಗೆ ಬಳಸುವ ಕಿರಿದಾದ ಕಲ್ಲು ಅಥವಾ ಮರದ ತುಂಡಿಗೆ ಸುತ್ತಿದ ನೀರುಕಾಗದ (ಒದ್ದೆ ಮಾಡಿ ಉಜ್ಜುವ ಸ್ಯಾಂಡ್‌ಪೇಪರ್) ಒಳ್ಳೆಯದು. ಖುಕುರಿಯ ಬಾಯಿ ಸಾಮಾನ್ಯವಾಗಿ ಉಬ್ಬಿದ ಆಕಾರದ್ದು. ಅದನ್ನು ಉಳಿಸಬೇಕೆಂದರೆ ಕಾಗದದ ಕೆಳಗೆ ಹಳೆಯ ಮೌಸ್ ಪ್ಯಾಡಿನಂಥ ಮೆತ್ತನೆಯದನ್ನು ಇಟ್ಟು, ಅಲಗನ್ನು ಬೆನ್ನು ಮುಂದಾಗಿ ಎಳೆಯಿರಿ, ಬಾಯಿ ಮುಂದಾಗಿ ತಳ್ಳಬೇಡಿ. ಮೊದಲು 400, ನಂತರ 800, ಕೊನೆಗೆ 1500 ನಂಬರಿನ ಕಾಗದ. ಬಾಯಿಯ ಅಂಚಿಗೆ ಮಾರ್ಕರ್ ಪೆನ್ನಿನಿಂದ ಬಣ್ಣ ಹಚ್ಚಿಕೊಂಡರೆ ಎಲ್ಲಿ ಉಜ್ಜುತ್ತಿದೆ, ಎಲ್ಲಿ ತಪ್ಪುತ್ತಿದೆ ಎಂಬುದು ಕಣ್ಣಿಗೇ ಕಾಣುತ್ತದೆ.

ಮಳೆಗಾಲ ಮತ್ತು ಇಟ್ಟುಕೊಳ್ಳುವುದು

ಇದು ಸ್ಟೇನ್‌ಲೆಸ್ ಅಲ್ಲ. ಕರಾವಳಿ, ಮಲೆನಾಡಿನ ಆಷಾಢದಲ್ಲಿ ಒಂದೇ ರಾತ್ರಿಗೆ ಕೆಂಪು ಚುಕ್ಕೆ ಮೂಡುತ್ತದೆ. ಬಳಸಿದ ಕೂಡಲೇ ಒರೆಸಿ, ಒಣಗಿಸಿ, ತೆಳ್ಳಗೆ ಹೊಲಿಗೆ ಯಂತ್ರದ ಎಣ್ಣೆ ಸವರಿ. ಅಡುಗೆ ಎಣ್ಣೆ ದಿನ ಕಳೆದಂತೆ ಜಿಗುಟಾಗುತ್ತದೆ. ಅಡುಗೆಗೆ ಬಳಸುವುದಾದರೆ ಮಾತ್ರ ಪ್ರತಿ ಸಲವೂ ಯಂತ್ರದ ಎಣ್ಣೆಯನ್ನು ಸೋಪಿನಲ್ಲಿ ತೊಳೆದುಕೊಳ್ಳಿ. ತಿಂಗಳುಗಟ್ಟಲೆ ಮುಟ್ಟದೆ ಇಡುವುದಾದರೆ ಒರೆಯ ಒಳಗಿಡಬೇಡಿ. ಚರ್ಮ ತೇವ ಹಿಡಿದು ಅಲಗಿಗೆ ತುಕ್ಕು ತರುತ್ತದೆ. ಎಣ್ಣೆ ಹಚ್ಚಿದ ಬಟ್ಟೆಯಲ್ಲಿ ಸುತ್ತಿ, ಮಕ್ಕಳ ಕೈಗೆಟುಕದ ಕಡೆ, ಒರೆಯನ್ನು ಬೇರೆಯಾಗಿ ಇಡಿ.

ನೇಪಾಳದಲ್ಲಿ ದಶೈಂನ ನವಮಿಯಂದು ಆಯುಧ, ಉಪಕರಣ, ವಾಹನಗಳಿಗೆ ಪೂಜೆ. ನಮ್ಮ ಆಯುಧ ಪೂಜೆಯೂ ಅದೇ ದಿನ. ಆ ದಿನ ಕುಂಕುಮ, ಗಂಧ ಹಚ್ಚಿದ್ದರೆ ಸಂಜೆಯೇ ಒರೆಸಿಬಿಡಿ. ಒದ್ದೆ ಗಂಧದ ಕೆಳಗೆ ತುಕ್ಕು ಕೂರುವಷ್ಟು ಬೇಗ ಬೇರೆಲ್ಲೂ ಕೂರುವುದಿಲ್ಲ.

ಕೊಂಬಿನ ಹಿಡಿ ಬಯಲುಸೀಮೆಯ ಒಣ ಬೇಸಿಗೆಯಲ್ಲಿ ಕುಗ್ಗಿ ಸೀಳುಬಿಡುತ್ತದೆ. ಎರಡು ತಿಂಗಳಿಗೊಮ್ಮೆ ಎಣ್ಣೆ ಉಜ್ಜಿರಿ. ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಬಿಡಬೇಡಿ. ಅಲ್ಲಿ ಅರಗು ಮೆತ್ತಗಾಗಿ ಹಿಡಿ ಸಡಿಲವಾಗಬಹುದು. ಸಡಿಲವಾದದ್ದನ್ನು ಬಟ್ಟೆ ಸುತ್ತಿ ಬಿಗಿಮಾಡಿ ಬೀಸುವ ಸಾಹಸ ಬೇಡ. ಟೊಪ್ಪಿಗೆ ಬಿಚ್ಚಿ, ಹಳೆಯ ಅರಗನ್ನು ಕೆರೆದು, ಎಪಾಕ್ಸಿ ಅಂಟು ತುಂಬಿ ಇಡೀ ದಿನ ಒಣಗಲು ಬಿಡಿ. ಅದು ನಿಮ್ಮ ಕೈಲಾಗದಿದ್ದರೆ ಊರಿನ ಕಮ್ಮಾರರ ಹತ್ತಿರ ಒಯ್ಯಿರಿ, ಅಲಗನ್ನು ಬೆಂಕಿಗೆ ಹಿಡಿಯಬಾರದೆಂದು ಮೊದಲೇ ಹೇಳಿ.